ಬರುವ ಮೇಲ್ ಬರುತ್ತದೆ, ಹೋಗುವ ಮೇಲ್ ಏಕೆ ಹೋಗುವುದಿಲ್ಲ?

ಸುಗ್ಗಿ ಮುಗಿದು ಮಿಲ್ಲುಗಳು ಹಗಲೂ ರಾತ್ರಿ ಓಡುವ ದಿನಗಳಲ್ಲಿ ಸಿಂಧನೂರು ಸೀಮೆಯ ಲೆಕ್ಕದ ಕೋಣೆಗಳಿಂದ ಕಂಪ್ಯೂಟರ್ ರಿಪೇರಿಯವರಿಗೆ ಹೋಗುವ ಫೋನುಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳುತ್ತದೆ: ‘ಮೇಲ್ ಬರಾಕತ್ಯಾವ್ರಿ, ಆದ್ರ ನಮ್ಮವು ಹೋಗವಲ್ಲವು.’

ತುಂಗಭದ್ರಾ ಎಡದಂಡೆ ಕಾಲುವೆ ಈ ಭಾಗಕ್ಕೆ ಭತ್ತ ತಂದಿತು. ಭತ್ತದ ಬೆನ್ನಿಗೆ ರೈಸ್ ಮಿಲ್, ಗೊಬ್ಬರದಂಗಡಿ, ಬೀಜದಂಗಡಿ, ಕಮಿಷನ್ ವ್ಯಾಪಾರ, ಬ್ಯಾಂಕ್ ಸಾಲ ಎಲ್ಲವೂ ಬಂದವು. ಇವತ್ತು ಆ ವ್ಯವಹಾರದ ಕಾಗದಪತ್ರ ಓಡಾಡುವುದು ಇ-ಮೇಲ್‌ನಲ್ಲಿ. ಪ್ರತಿ ತಿಂಗಳೂ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಹೋಗಬೇಕು, ಹೊರ ರಾಜ್ಯದ ಖರೀದಿದಾರರಿಗೆ ಬಿಲ್ ಹೋಗಬೇಕು, ಲೆಕ್ಕಪರಿಶೋಧಕರಿಗೆ ಜಿಎಸ್‌ಟಿ ವಿವರ ಹೋಗಬೇಕು. ತಾಲ್ಲೂಕಿನ ಸುದ್ದಿಗಾರರು ಪತ್ರಿಕಾ ಕಚೇರಿಗೆ ವರದಿ, ಫೋಟೊ ಕಳಿಸುವುದೂ ಹೀಗೆಯೇ. ಕಳಿಸಿದ್ದು ಹೋಗದಿದ್ದರೆ ಸಾಲದ ಮಿತಿಗೆ ತೊಂದರೆ, ಬಾಕಿ ವಸೂಲಿಗೆ ತಡ, ಮರುದಿನದ ಪುಟದಲ್ಲಿ ಸುದ್ದಿ ಇಲ್ಲ.

ದೊಡ್ಡ ನಗರದ ಕಂಪನಿಗಳಲ್ಲಿ ಇಂಥದ್ದಕ್ಕೆಂದೇ ಒಂದು ವಿಭಾಗ ಇರುತ್ತದೆ. ಮುಕ್ಕುಂದದಂಥ ಊರಿನಲ್ಲಿ, ಮಸ್ಕಿ ಅಥವಾ ಲಿಂಗಸುಗೂರು ರಸ್ತೆಯ ಒಂದು ಅಂಗಡಿಯಲ್ಲಿ, ಅಂಥ ವಿಭಾಗ ಎಲ್ಲಿಂದ ಬರಬೇಕು? ರಿಪೇರಿ ಹುಡುಗ ಬರುವವರೆಗೆ ಕಾಯಬೇಕು. ಬಂದವನು ಕಾರಣ ಹುಡುಕುವಷ್ಟು ಹೊತ್ತು ಇರುವುದಿಲ್ಲ. ತಂತ್ರಾಂಶ ತೆಗೆದು ಮತ್ತೆ ಹಾಕುತ್ತಾನೆ, ಅದಕ್ಕೂ ಬಗ್ಗದಿದ್ದರೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡುತ್ತಾನೆ. ವರ್ಷಗಳ ಪತ್ರವ್ಯವಹಾರ ಅಲ್ಲಿಗೆ ಅಳಿಸಿಹೋಗುತ್ತದೆ, ಮೇಲ್ ಮಾತ್ರ ಹೋಗುವುದಿಲ್ಲ. ಹೊರಹೋಗುವ ಮೇಲ್ ನಿಂತುಹೋಗಲು ಬಹುತೇಕ ಕಾರಣ ಯಂತ್ರ ಕೆಟ್ಟಿದ್ದಲ್ಲ. ಕಳಿಸುವವರಿಂದ ಸರ್ವರ್‌ಗಳು ಕೇಳುವ ಗುರುತಿನ ನಿಯಮಗಳು ಬದಲಾಗಿವೆ, ಆ ಬದಲಾವಣೆಯ ಸುದ್ದಿ ಊರಿನ ಕಚೇರಿಗೆ ಬಂದೇ ಇಲ್ಲ. ಆ ನಿಯಮಗಳೇನು, ಯಾವಾಗ ಬದಲಾದವು, ಏನು ಮಾಡಬೇಕು ಎಂಬುದನ್ನೆಲ್ಲ ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ.

ಎರಡು ದಾರಿ, ಎರಡು ಸರ್ವರ್

ಔಟ್‌ಲುಕ್, ಥಂಡರ್‌ಬರ್ಡ್ ಥರದ ತಂತ್ರಾಂಶ ಒಂದೇ ಕಿಟಕಿಯಲ್ಲಿ ಒಳಬಂದ ಪತ್ರವನ್ನೂ ಹೊರಹೋದ ಪತ್ರವನ್ನೂ ತೋರಿಸುತ್ತದೆ. ಹಾಗಾಗಿ ಎರಡೂ ಒಂದೇ ದಾರಿಯಲ್ಲಿ ಓಡಾಡುತ್ತವೆ ಎಂದು ಅನ್ನಿಸುವುದು ಸಹಜ. ವಾಸ್ತವವಾಗಿ ಪತ್ರ ಒಳಗೆ ತರುವುದು ಐಮ್ಯಾಪ್ ಅಥವಾ ಪಾಪ್ ಎಂಬ ಪದ್ಧತಿ, ಹೊರಗೆ ಕಳಿಸುವುದು ಎಸ್‌ಎಂಟಿಪಿ ಎಂಬ ಪದ್ಧತಿ. ಸರ್ವರ್ ಹೆಸರು ಬೇರೆ, ಪೋರ್ಟ್ ಸಂಖ್ಯೆ ಬೇರೆ, ಪಾಸ್‌ವರ್ಡ್ ಉಳಿಸಿಡುವ ಜಾಗವೂ ಬೇರೆ. ಅಂಚೆಯಣ್ಣ ಮನೆ ಬಾಗಿಲಿಗೆ ಕಾಗದ ತಂದುಕೊಡುತ್ತಾನೆ ಎಂದಮಾತ್ರಕ್ಕೆ ನಾವು ಕೊಟ್ಟ ರಿಜಿಸ್ಟರ್ಡ್ ಲಕೋಟೆಯನ್ನು ಕೌಂಟರಿನಲ್ಲಿ ಒಪ್ಪಿಕೊಳ್ಳಲೇಬೇಕು ಎಂದಿಲ್ಲವಲ್ಲ, ಹಾಗೆ.

ಪತ್ತೆ ಕೆಲಸದ ಮೊದಲ ಹೆಜ್ಜೆಯೂ ಇದರಿಂದಲೇ ಸಿಗುತ್ತದೆ. ಬರುವುದೂ ಹೋಗುವುದೂ ಎರಡೂ ನಿಂತಿದ್ದರೆ ಇಂಟರ್‌ನೆಟ್, ಕಂಪ್ಯೂಟರಿನ ದಿನಾಂಕ, ಪಾಸ್‌ವರ್ಡ್, ಡೊಮೇನ್‌ನ ವಾಯಿದೆ ಇವನ್ನು ನೋಡಬೇಕು. ಬರುವುದು ಸರಿಯಾಗಿದ್ದು ಹೋಗುವುದಷ್ಟೇ ನಿಂತಿದ್ದರೆ ಎಸ್‌ಎಂಟಿಪಿ ಸೆಟ್ಟಿಂಗ್ಸ್, ಪೋರ್ಟ್, ಆಂಟಿವೈರಸ್, ಕಳಿಸುವ ಮಿತಿ ಇವನ್ನು ನೋಡಬೇಕು. ಇನ್ನೊಂದು ಸುಲಭದ ಪರೀಕ್ಷೆ ಇದೆ. ಅದೇ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದು ಅಲ್ಲಿಂದ ಒಂದು ಸಾಲಿನ ಮೇಲ್ ಕಳಿಸಬೇಕು. ಅದು ಹೋದರೆ ಖಾತೆ ಸರಿಯಾಗಿದೆ, ತೊಂದರೆ ಇರುವುದು ಮೇಜಿನ ಮೇಲಿನ ತಂತ್ರಾಂಶದಲ್ಲಿ. ಅಲ್ಲಿಂದಲೂ ಹೋಗದಿದ್ದರೆ ತಂತ್ರಾಂಶವನ್ನು ಎಷ್ಟು ಬಿಚ್ಚಿ ಹಾಕಿದರೂ ಪ್ರಯೋಜನವಿಲ್ಲ.

ನಂಬಿಕೆಯ ಕಾಲ, ಅನುಮಾನದ ಕಾಲ

ಎಸ್‌ಎಂಟಿಪಿ ಪದ್ಧತಿಯನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟ್‌ನಲ್ಲಿ ದಾಖಲಿಸಿದರು. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳವರು, ಸಂಶೋಧಕರು. ಕಳಿಸುವವರು ಯಾರು ಎಂದು ಕೇಳುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಯಾರು ಯಾರ ಹೆಸರಿನಲ್ಲಿ ಕೊಟ್ಟರೂ ಸರ್ವರ್ ಪತ್ರ ತೆಗೆದುಕೊಂಡು ಮುಂದೆ ಸಾಗಿಸುತ್ತಿತ್ತು. ಅದಕ್ಕೂ ಮೊದಲು, 1978ರಲ್ಲೇ, ಕಂಪ್ಯೂಟರ್ ಕಂಪನಿಯೊಂದರ ಮಾರಾಟ ಅಧಿಕಾರಿ ಗ್ಯಾರಿ ಥ್ಯೂರ್ಕ್ ಸುಮಾರು 400 ಜನರಿಗೆ ಕೇಳದೇ ಜಾಹೀರಾತು ಕಳಿಸಿದ್ದರು. ಆ ಚಾಳಿ 1990ರ ದಶಕದಲ್ಲಿ ಪ್ರವಾಹವಾಯಿತು.

ಭಾರತದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಬಳಿಕ ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್, ಆಮೇಲೆ ಡೇಟಾವನ್ ಬ್ರಾಡ್‌ಬ್ಯಾಂಡ್ ತಾಲ್ಲೂಕು ಕೇಂದ್ರಗಳಿಗೂ ಬಂದವು. ಆ ದಿನಗಳಲ್ಲಿ ಇಂಟರ್‌ನೆಟ್ ಕೊಡುವವರೇ ಮೇಲ್ ಕಳಿಸುವ ಸರ್ವರನ್ನೂ ಕೊಡುತ್ತಿದ್ದುದು ರೂಢಿ. ತಮ್ಮ ಜಾಲದೊಳಗಿಂದ ಬಂದವರೆಲ್ಲ ತಮ್ಮ ಗ್ರಾಹಕರೇ ಎಂಬ ಲೆಕ್ಕದಲ್ಲಿ ಅಂಥ ಸರ್ವರ್‌ಗಳು ಪಾಸ್‌ವರ್ಡ್ ಕೇಳದೆ, 25ನೇ ಪೋರ್ಟ್‌ನಲ್ಲಿ, ಪತ್ರ ಒಪ್ಪಿಕೊಳ್ಳುತ್ತಿದ್ದವು. ಸಂಪರ್ಕ ಒಬ್ಬರಿಂದ ಇನ್ನೊಬ್ಬರಿಗೆ ಬದಲಾದ ದಿನವೇ ಹೊರಹೋಗುವ ಮೇಲ್ ನಿಲ್ಲುತ್ತಿತ್ತು. ಇವತ್ತಿಗೂ ಹಳೆಯ ಕಂಪ್ಯೂಟರುಗಳಲ್ಲಿ ಆ ಕಾಲದ ಸೆಟ್ಟಿಂಗ್ಸ್ ಹಾಗೇ ಉಳಿದಿರುವುದು ಉಂಟು.

ಸ್ಪ್ಯಾಮ್ ಕಾಟಕ್ಕೆ ಉತ್ತರವಾಗಿ ನಿಯಮಗಳು ಒಂದೊಂದಾಗಿ ಬಂದವು. 1998ರಲ್ಲಿ ಬಳಕೆದಾರರು ಪತ್ರ ಒಪ್ಪಿಸಲೆಂದೇ 587 ಎಂಬ ಪ್ರತ್ಯೇಕ ಪೋರ್ಟ್ ನಿಗದಿಯಾಯಿತು. 1999ರಲ್ಲಿ ಕಳಿಸುವವರಿಂದ ಹೆಸರು, ಪಾಸ್‌ವರ್ಡ್ ಕೇಳುವ ವಿಧಾನ ಬಂತು. 2002ರಲ್ಲಿ ಆ ಮಾತುಕತೆಯನ್ನು ಗೂಢಲಿಪಿಯಲ್ಲಿ ನಡೆಸುವ ಸ್ಟಾರ್ಟ್‌ಟಿಎಲ್‌ಎಸ್ ಈಗಿನ ರೂಪ ಪಡೆಯಿತು. 2018ರ ಜನವರಿಯ ಶಿಫಾರಸು, ಮೊದಲ ಮಾತಿನಿಂದಲೇ ಗೂಢಲಿಪಿ ಇರುವ 465ನೇ ಪೋರ್ಟ್‌ಗೆ ಆದ್ಯತೆ ಕೊಟ್ಟಿತು. 25ನೇ ಪೋರ್ಟ್ ಈಗ ಸರ್ವರ್‌ಗಳು ತಮ್ಮತಮ್ಮಲ್ಲಿ ಮಾತಾಡಲು ಇರುವಂಥದ್ದು. ಮನೆ, ಕಚೇರಿಗಳ ಸಂಪರ್ಕದಲ್ಲಿ ಅನೇಕ ಸೇವಾದಾರರು ಅದನ್ನು ಮುಚ್ಚಿಬಿಟ್ಟಿದ್ದಾರೆ.

ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ 25 ಎಂದು ಕಂಡರೆ ಅಲ್ಲೇ ನಿಲ್ಲಿ. 465 ಹಾಕಿ ಎಸ್‌ಎಸ್‌ಎಲ್ ಅಥವಾ ಟಿಎಲ್‌ಎಸ್ ಆರಿಸಿ, ಇಲ್ಲವೇ 587 ಹಾಕಿ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿ. ಈ ಜೋಡಿ ಅದಲುಬದಲಾದರೂ ಮೇಲ್ ಹೋಗುವುದಿಲ್ಲ. ಔಟ್‌ಲುಕ್‌ನ ಹಳೆಯ ಆವೃತ್ತಿಗಳಲ್ಲಿ ‘ಹೊರಹೋಗುವ ಸರ್ವರ್‌ಗೆ ದೃಢೀಕರಣ ಬೇಕು’ ಎಂಬ ಅರ್ಥದ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆಯುವುದು ಬಹಳ ಸಾಮಾನ್ಯ. ಟಿಕ್ ಇಲ್ಲದಿದ್ದರೆ ಒಳಬರುವ ಮೇಲ್ ಎಂದಿನಂತೆ ಬರುತ್ತಲೇ ಇರುತ್ತದೆ, ಹೊರಹೋಗುವುದಕ್ಕೆ ಮಾತ್ರ ತಡೆ.

ಥಂಡರ್‌ಬರ್ಡ್‌ನಲ್ಲಿ ಎಡವುವುದು ಬೇರೆ ಜಾಗದಲ್ಲಿ. ಅದು ಹೊರಹೋಗುವ ಸರ್ವರ್‌ಗಳ ಪಟ್ಟಿಯನ್ನು ಖಾತೆಗಳಿಂದ ಬೇರೆಯಾಗಿ ಇಡುತ್ತದೆ. ಮಿಲ್ಲಿನ ಖಾತೆ, ಮಾಲೀಕರ ಸ್ವಂತ ಖಾತೆ, ಇನ್ನೊಂದು ಸಂಸ್ಥೆಯ ಖಾತೆ ಹೀಗೆ ಎರಡು ಮೂರು ಇದ್ದಾಗ ಒಂದರ ಪತ್ರ ಇನ್ನೊಂದರ ಸರ್ವರ್ ಮೂಲಕ ಹೊರಡುವಂತೆ ಆಗಿಬಿಡುತ್ತದೆ. ‘ಇಂಥವರಿಂದ’ ಎಂಬ ವಿಳಾಸಕ್ಕೂ ಸರ್ವರ್‌ಗೆ ಕೊಟ್ಟ ಹೆಸರಿಗೂ ತಾಳೆಯಾಗದೆ ಪತ್ರ ತಿರಸ್ಕೃತವಾಗುತ್ತದೆ. ಪ್ರತಿ ಖಾತೆಯ ಕೆಳಗೆ ಯಾವ ಹೊರಹೋಗುವ ಸರ್ವರ್ ಇದೆ ಎಂದು ನೋಡಿ ಸರಿಪಡಿಸಿದರೆ ಸಾಕು.

ಸರಿಯಾದ ಪಾಸ್‌ವರ್ಡನ್ನೂ ತಪ್ಪೆನ್ನುವ ಪೆಟ್ಟಿಗೆ

ಇತ್ತೀಚಿನ ವರ್ಷಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸಿದ್ದು ಪಾಸ್‌ವರ್ಡ್ ಪೆಟ್ಟಿಗೆ. ಬ್ರೌಸರ್‌ನಲ್ಲಿ ಒಪ್ಪುವ ಪಾಸ್‌ವರ್ಡನ್ನೇ ತಂತ್ರಾಂಶದಲ್ಲಿ ಹಾಕಿದರೂ ಪೆಟ್ಟಿಗೆ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ. ಗುಮಾಸ್ತರು ಮರೆತಿರಬೇಕೆಂದು ಪಾಸ್‌ವರ್ಡ್ ಬದಲಿಸುತ್ತಾರೆ, ಆಗ ಮೊಬೈಲ್‌ನಲ್ಲಿದ್ದದ್ದೂ ನಿಲ್ಲುತ್ತದೆ.

ಇಲ್ಲಿ ಪಾಸ್‌ವರ್ಡ್ ತಪ್ಪಿಲ್ಲ. ಬರೀ ಪಾಸ್‌ವರ್ಡ್ ಒಪ್ಪುವ ಪದ್ಧತಿಯನ್ನೇ ಸೇವಾದಾರರು ಕೈಬಿಟ್ಟಿದ್ದಾರೆ. ಗೂಗಲ್ ಸಂಸ್ಥೆ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ‘ಕಡಿಮೆ ಸುರಕ್ಷಿತ’ ತಂತ್ರಾಂಶಗಳ ಪ್ರವೇಶ ನಿಲ್ಲಿಸಿತು. ಸಂಸ್ಥೆಗಳಿಗೆ ಕೊಡುವ ಖಾತೆಗಳಿಗೂ 2025ರಲ್ಲಿ ಅದನ್ನು ಮುಗಿಸಿತು. ಮೈಕ್ರೋಸಾಫ್ಟ್ 2022ರ ಅಕ್ಟೋಬರ್‌ನಿಂದ ಸಂಸ್ಥೆಗಳ ಖಾತೆಗಳಲ್ಲಿ ಹಂತಹಂತವಾಗಿ, 2024ರ ಸೆಪ್ಟೆಂಬರ್ 16ರಿಂದ ವೈಯಕ್ತಿಕ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಲ್ಲಿ ಇದೇ ಹಾದಿ ಹಿಡಿಯಿತು. ಈಗಿನ ವಿಧಾನ ಒಆತ್. ತಂತ್ರಾಂಶ ಪಾಸ್‌ವರ್ಡ್ ಇಟ್ಟುಕೊಳ್ಳುವುದಿಲ್ಲ. ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಪುಟವೊಂದು ತೆರೆದು, ಅಲ್ಲಿ ನಾವು ಒಪ್ಪಿಗೆ ಕೊಟ್ಟ ಮೇಲೆ ಒಂದು ಅನುಮತಿ ಚೀಟಿ ತಂತ್ರಾಂಶಕ್ಕೆ ಸಿಗುತ್ತದೆ.

ಥಂಡರ್‌ಬರ್ಡ್‌ನ ಈಗಿನ ಆವೃತ್ತಿಯಲ್ಲಿ ಹೊರಹೋಗುವ ಸರ್ವರ್‌ನ ದೃಢೀಕರಣ ವಿಧಾನವನ್ನು ‘ಒಆತ್2’ ಎಂದು ಬದಲಿಸಿ, ಹಳೆಯ ಉಳಿಸಿದ ಪಾಸ್‌ವರ್ಡ್ ಅಳಿಸಿ ಮತ್ತೆ ಒಪ್ಪಿಗೆ ಕೊಟ್ಟರೆ ಜಿಮೇಲ್ ಸರಿಹೋಗುತ್ತದೆ. ಒಳಬರುವ ಸರ್ವರ್‌ಗೆ ಈ ಬದಲಾವಣೆ ಮಾಡಿ ಹೊರಹೋಗುವುದಕ್ಕೆ ಮಾಡುವುದನ್ನು ಮರೆತರೆ ಅರ್ಧ ಕೆಲಸ ಆದಂತೆ. ಔಟ್‌ಲುಕ್ 2010ರಂಥ ಹಳೆಯ ಆವೃತ್ತಿಗೆ ಒಆತ್ ಗೊತ್ತೇ ಇಲ್ಲ. ಅಂಥಲ್ಲಿ ಜಿಮೇಲ್‌ಗಾದರೆ ಒಂದು ದಾರಿ ಇದೆ. ಖಾತೆಯಲ್ಲಿ ಎರಡು ಹಂತದ ಪರಿಶೀಲನೆ ಚಾಲೂ ಮಾಡಿ, 16 ಅಕ್ಷರಗಳ ‘ಆಪ್ ಪಾಸ್‌ವರ್ಡ್’ ಪಡೆದು, ಮಾಮೂಲಿ ಪಾಸ್‌ವರ್ಡ್ ಜಾಗದಲ್ಲಿ ಅದನ್ನು ಹಾಕಬೇಕು. ಒಂದು ಮಾತು ನೆನಪಿರಲಿ: ಗೂಗಲ್ ಖಾತೆಯ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಹಿಂದೆ ಪಡೆದ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ‘ನಿನ್ನೆ ತನಕ ಹೋಗುತ್ತಿತ್ತು’ ಎನ್ನುವ ಎಷ್ಟೋ ದೂರುಗಳ ಹಿಂದೆ ಇರುವುದು ಇದೇ.

ಲೆಕ್ಕದ ಕೋಣೆಯಲ್ಲಿ ಮೇಲ್ ಕಳಿಸುವ ಇನ್ನೊಂದು ತಂತ್ರಾಂಶ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಟ್ಯಾಲಿ. ಬಿಲ್ಲನ್ನು ಅದರೊಳಗಿಂದಲೇ ನೇರ ಮೇಲ್ ಮಾಡುವವರು ಜಿಮೇಲ್ ಬಳಸುತ್ತಿದ್ದರೆ ಅಲ್ಲೂ ಆಪ್ ಪಾಸ್‌ವರ್ಡ್ ಬೇಕಾಗುತ್ತದೆ. ಸ್ಕ್ಯಾನ್ ಮಾಡಿ ನೇರ ಮೇಲ್‌ಗೆ ಹಾಕುವ ಪ್ರಿಂಟರ್‌ಗಳಿಗೂ ಅಷ್ಟೇ. ಔಟ್‌ಲುಕ್ ಸರಿಮಾಡಿ ಇವೆರಡನ್ನು ಮರೆತರೆ ದೂರು ಮುಗಿಯುವುದಿಲ್ಲ.

ಔಟ್‌ಬಾಕ್ಸ್‌ನಲ್ಲಿ ಕೂತ ಕಡತ

ಒಂದೇ ಪತ್ರ ಔಟ್‌ಬಾಕ್ಸ್‌ನಲ್ಲಿ ಕೂತು, ಹಿಂದೆ ಬಂದವನ್ನೆಲ್ಲ ತಡೆಹಿಡಿಯುವುದು ಇನ್ನೊಂದು ಬಗೆ. ತೆರೆದು ನೋಡಿದರೆ ಅದಕ್ಕೆ ದೊಡ್ಡ ಸ್ಕ್ಯಾನ್ ಕಡತ ಲಗತ್ತಾಗಿರುತ್ತದೆ. ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಎ4 ಅಳತೆಯ ಒಂದು ಹಾಳೆಯನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2,480 ಅಡ್ಡ, 3,508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಗೆ ಮೂರು ಬೈಟ್‌ನಂತೆ, ಕುಗ್ಗಿಸುವ ಮೊದಲು 26 ಎಂಬಿ. 600 ಡಿಪಿಐ ಇಟ್ಟರೆ ನಾಲ್ಕು ಪಟ್ಟು, 104 ಎಂಬಿ. ಅದೇ ಹಾಳೆಯನ್ನು 150 ಡಿಪಿಐನಲ್ಲಿ ಬೂದುಬಣ್ಣದಲ್ಲಿ ತೆಗೆದರೆ ಎರಡು ಎಂಬಿಗಿಂತ ಕೊಂಚ ಹೆಚ್ಚು. ನಲವತ್ತೆಂಟರಲ್ಲಿ ಒಂದು ಪಾಲು! ಪಿಡಿಎಫ್ ಆಗುವಾಗ ಎರಡೂ ಕುಗ್ಗುತ್ತವೆ, ಅಂತರ ಮಾತ್ರ ಉಳಿಯುತ್ತದೆ. ಬ್ಯಾಂಕಿನವರು ಓದಬೇಕಾದ ಗೋದಾಮಿನ ಲೆಕ್ಕಕ್ಕೆ 150 ಡಿಪಿಐ ಸಾಕು.

ಲಗತ್ತು ಮೇಲ್‌ನೊಳಗೆ ಹೋಗುವಾಗ ಊದಿಕೊಳ್ಳುತ್ತದೆ ಎಂಬುದೂ ಹಲವರಿಗೆ ಗೊತ್ತಿಲ್ಲ. ಮೇಲ್ ಪದ್ಧತಿ ಅಕ್ಷರಗಳಿಗೆಂದು ಹುಟ್ಟಿದ್ದು. ಹಾಗಾಗಿ ಕಡತದ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರವಾಗಿ ಬದಲಾಗುತ್ತದೆ, ಸಾಲುಗಳ ಕೊನೆಯ ಗುರುತೂ ಸೇರಿ ಒಟ್ಟು ಗಾತ್ರ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ಬೆಳೆಯುತ್ತದೆ. 8 ಎಂಬಿ ಕಡತ ದಾರಿಯಲ್ಲಿ 11 ಎಂಬಿ ಆಗಿರುತ್ತದೆ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ ಇರಬಹುದು. ಆದರೆ ತಲುಪಬೇಕಾದ ಕಚೇರಿಯ ಸರ್ವರ್ 10 ಎಂಬಿಗೆ ಮಿತಿ ಹಾಕಿಕೊಂಡಿದ್ದರೆ ಆ 8 ಎಂಬಿ ಕಡತವೂ ಹಿಂದಿರುಗುತ್ತದೆ.

ವೇಗದ ಲೆಕ್ಕವೂ ಇದೆ. ಹಳೆಯ ತಾಮ್ರದ ತಂತಿಯ ಬ್ರಾಡ್‌ಬ್ಯಾಂಡ್‌ನಲ್ಲಿ ಇಳಿಸಿಕೊಳ್ಳುವ ವೇಗಕ್ಕಿಂತ ಏರಿಸುವ ವೇಗ ತೀರಾ ಕಡಿಮೆ. ಸೆಕೆಂಡಿಗೆ 512 ಕಿಲೋಬಿಟ್ ಏರುವ ಸಂಪರ್ಕದಲ್ಲಿ 20 ಎಂಬಿ ಕಡತ ಪೂರ್ತಿ ಹೋಗಲು ಏಳು ನಿಮಿಷ ಬೇಕು. ಅಷ್ಟರಲ್ಲಿ ಕರೆಂಟ್ ಹೋದರೆ, ಮೊಬೈಲ್ ಹಾಟ್‌ಸ್ಪಾಟ್ ಒಮ್ಮೆ ತಪ್ಪಿದರೆ, ಮೊದಲಿನಿಂದ ಶುರು.

ಬಿಡಿಸುವ ಕ್ರಮ ಹೀಗೆ. ಔಟ್‌ಲುಕ್‌ನ ‘ಸೆಂಡ್/ರಿಸೀವ್’ ಭಾಗದಲ್ಲಿ ‘ವರ್ಕ್ ಆಫ್‌ಲೈನ್’ ಒತ್ತಿ. ಔಟ್‌ಬಾಕ್ಸ್‌ನಲ್ಲಿರುವ ಪತ್ರವನ್ನು ಡ್ರಾಫ್ಟ್ಸ್‌ಗೆ ಎಳೆದು ಹಾಕಿ. ದೊಡ್ಡ ಲಗತ್ತು ತೆಗೆದು, ಚಿಕ್ಕದಾಗಿ ಮತ್ತೆ ಸ್ಕ್ಯಾನ್ ಮಾಡಿ ಅಥವಾ ಡ್ರೈವ್ ಕೊಂಡಿ ಹಾಕಿ. ನಂತರ ಆಫ್‌ಲೈನ್ ತೆಗೆದು ಕಳಿಸಿ. ಎಷ್ಟೋ ಸಲ ಯಾರೋ ಕೈತಪ್ಪಿ ಒತ್ತಿದ ‘ವರ್ಕ್ ಆಫ್‌ಲೈನ್’ ಹಾಗೇ ಉಳಿದಿರುವುದೇ ಇಡೀ ಸಮಸ್ಯೆಯಾಗಿರುತ್ತದೆ, ಅದನ್ನೂ ನೋಡಿ.

ಥಂಡರ್‌ಬರ್ಡ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ತೊಂದರೆಯೊಂದಿದೆ. ಪತ್ರ ಹೋಗಿಬಿಟ್ಟಿರುತ್ತದೆ. ಅದರ ಪ್ರತಿಯನ್ನು ‘ಸೆಂಟ್’ ಫೋಲ್ಡರ್‌ನಲ್ಲಿ ಇಡುವ ಹಂತದಲ್ಲಿ ತಂತ್ರಾಂಶ ತಡವರಿಸುತ್ತದೆ. ಹೋಗಿಲ್ಲವೆಂದು ತಿಳಿದು ಮತ್ತೆ ಕಳಿಸಿದರೆ ಆ ಕಡೆಯವರಿಗೆ ಒಂದೇ ಬಿಲ್ ಎರಡು ಮೂರು ಬಾರಿ ಸೇರುತ್ತದೆ, ವ್ಯವಹಾರದಲ್ಲಿ ಇದು ಸಣ್ಣ ಗೊಂದಲವಲ್ಲ. ಜಿಮೇಲ್ ತಾನಾಗಿಯೇ ಕಳಿಸಿದ ಪತ್ರದ ಪ್ರತಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಜಿಮೇಲ್ ಖಾತೆಯಲ್ಲಿ ಪ್ರತಿ ಇಡುವ ಆಯ್ಕೆಯನ್ನು ಥಂಡರ್‌ಬರ್ಡ್‌ನಲ್ಲಿ ತೆಗೆದುಬಿಡಬಹುದು.

ಹಳೆಯ ಯಂತ್ರ, ನಿಂತ ಗಡಿಯಾರ

ಮಿಲ್ಲಿನ ಧೂಳು, ಬಿಸಿಲು, ಕರೆಂಟಿನ ಏರಿಳಿತದ ನಡುವೆ ಒಂದು ಡೆಸ್ಕ್‌ಟಾಪ್ ಹತ್ತು ವರ್ಷ ದುಡಿಯುತ್ತದೆ. ಅದರ ಮದರ್‌ಬೋರ್ಡ್ ಮೇಲೆ ಸಿಆರ್2032 ಎಂಬ ನಾಣ್ಯದಷ್ಟು ದೊಡ್ಡ ಬ್ಯಾಟರಿ ಇದೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಅದು ಸತ್ತರೆ, ಪ್ರತಿ ಸಲ ಕಂಪ್ಯೂಟರ್ ಶುರುವಾದಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ಮೇಲ್ ಸರ್ವರ್ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಅವಧಿ ಇನ್ನೂ ಆರಂಭವೇ ಆಗಿಲ್ಲ. ಸಂಪರ್ಕ ಕಡಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಬ್ಯಾಟರಿ ಬದಲಿಸಿ ದಿನಾಂಕ ಸರಿಮಾಡಿದರೆ ಸಮಸ್ಯೆ ತೀರಿತು.

ಇನ್ನೊಂದು ವಿಷಯ, ತಂತ್ರಾಂಶದ ವಯಸ್ಸು. ಗೂಢಲಿಪಿಯ ಹಳೆಯ ರೂಪಗಳಾದ ಟಿಎಲ್‌ಎಸ್ 1.0 ಮತ್ತು 1.1 ಬಳಕೆಗೆ ಯೋಗ್ಯವಲ್ಲವೆಂದು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ಸರ್ವರ್‌ಗಳು ಒಂದೊಂದಾಗಿ ಅವನ್ನು ಕೈಬಿಟ್ಟಿವೆ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ಮುಗಿದದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ ಲೈವ್ ಮೇಲ್‌ಗೆ 2017ರ ಜನವರಿಯಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಥಂಡರ್‌ಬರ್ಡ್‌ನ 115ನೇ ಆವೃತ್ತಿ ವಿಂಡೋಸ್ 7 ಮೇಲೆ ಓಡುವ ಕೊನೆಯದು. ಔಟ್‌ಲುಕ್ ಎಕ್ಸ್‌ಪ್ರೆಸ್ ಇನ್ನೂ ಓಡುವ ಯಂತ್ರದಿಂದ ಮೇಲ್ ಕಳಿಸಲು ಹೆಣಗುವುದು ವ್ಯರ್ಥ. ಇಂಥಲ್ಲಿ ರಿಪೇರಿಯ ಮಾತು ಬಿಟ್ಟು, ಹಳೆಯ ಪತ್ರಗಳನ್ನು ಜೋಪಾನವಾಗಿ ಪ್ರತಿ ಮಾಡಿಟ್ಟುಕೊಂಡು ಹೊಸದಕ್ಕೆ ಹೋಗಬೇಕು.

ಆಂಟಿವೈರಸ್‌ಗಳಲ್ಲಿ ಕೆಲವು ಹೊರಹೋಗುವ ಮೇಲನ್ನು ನಡುವೆ ತಡೆದು ಪರೀಕ್ಷಿಸುತ್ತವೆ. ಆ ತಪಾಸಣೆಯಲ್ಲಿ ಸಂಪರ್ಕದ ಅವಧಿ ಮೀರಿದರೆ ಮೇಲ್ ಅರ್ಧಕ್ಕೆ ನಿಲ್ಲುತ್ತದೆ. ಹೊರಹೋಗುವ ಮೇಲ್ ತಪಾಸಣೆಯೊಂದನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ ನೋಡಿ. ಇಡೀ ಆಂಟಿವೈರಸ್ ತೆಗೆದುಹಾಕುವುದು ಬೇಡ.

ಸಂಖ್ಯೆಯನ್ನು ಓದಿ

ದೋಷ ಸಂದೇಶ ಬಂದ ಕೂಡಲೇ ಮುಚ್ಚುವುದು ನಮ್ಮೆಲ್ಲರ ಅಭ್ಯಾಸ. ಆದರೆ ಕಾರಣ ಬರೆದಿರುವುದು ಅಲ್ಲೇ. ಸರ್ವರ್ ಕೊಡುವ ಮೂರಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ 4 ಇದ್ದರೆ ತಾತ್ಕಾಲಿಕ ತೊಂದರೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬಹುದು. 5 ಇದ್ದರೆ ಏನನ್ನಾದರೂ ಬದಲಿಸದೆ ಎಷ್ಟು ಸಲ ಕಳಿಸಿದರೂ ಹೋಗುವುದಿಲ್ಲ.

535 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಿಲ್ಲ. ಜಿಮೇಲ್ 534 ಎಂದರೆ ಆಪ್ ಪಾಸ್‌ವರ್ಡ್ ಬೇಕು ಎಂದು ಸಾಮಾನ್ಯ ಅರ್ಥ. 530 ಬಂದರೆ ದೃಢೀಕರಣವನ್ನೋ ಗೂಢಲಿಪಿಯನ್ನೋ ಚಾಲೂ ಮಾಡಿಲ್ಲ. 552 ಬಂದರೆ ಗಾತ್ರ ಹೆಚ್ಚಾಗಿದೆ ಇಲ್ಲವೇ ಆ ಕಡೆಯ ಪೆಟ್ಟಿಗೆ ತುಂಬಿದೆ. 550ರ ಜೊತೆ 5.1.1 ಇದ್ದರೆ ವಿಳಾಸವೇ ಇಲ್ಲ. ಹಿಂದೊಮ್ಮೆ ತಪ್ಪಾಗಿ ಟೈಪ್ ಮಾಡಿದ್ದನ್ನು ಔಟ್‌ಲುಕ್ ನೆನಪಿಟ್ಟುಕೊಂಡು ಪ್ರತಿ ಸಲ ಅದನ್ನೇ ಮುಂದಿಡುತ್ತಿರಬಹುದು, ಪಟ್ಟಿಯಿಂದ ಅಳಿಸಿ. 550 ಅಥವಾ 554ರ ಜೊತೆ 5.7.1 ಬಂದರೆ ನೀತಿಯ ಕಾರಣಕ್ಕೆ ತಿರಸ್ಕಾರ. ಔಟ್‌ಲುಕ್‌ನ ಸ್ವಂತ ಸಂಕೇತಗಳೂ ಇವೆ. 0x80042109 ಎಂದರೆ ಹೊರಹೋಗುವ ಸರ್ವರ್‌ವರೆಗೆ ತಲುಪಲೇ ಆಗಿಲ್ಲ, ಪೋರ್ಟ್ ನೋಡಿ. 0x800CCC0F ಎಂದರೆ ಸಂಪರ್ಕ ನಡುವೆ ಕಡಿದಿದೆ, ಆಂಟಿವೈರಸ್ ಅಥವಾ ಜಾಲ ನೋಡಿ.

ಪರದೆಯ ಫೋಟೊ ತೆಗೆದು ರಿಪೇರಿಯವರಿಗೆ ವಾಟ್ಸಾಪ್ ಮಾಡಿದರೆ ಅವರು ಸಿಂಧನೂರಿನಲ್ಲಿ ಕೂತೇ ಮುಕ್ಕುಂದದ ಕಂಪ್ಯೂಟರಿಗೆ ಏನಾಗಿದೆ ಎಂದು ಹೇಳಬಲ್ಲರು. ‘ಹೋಗವಲ್ಲದು’ ಎಂಬಷ್ಟೇ ಮಾತಿನಿಂದ ಯಾರೂ ಹೇಳಲಾರರು.

ಹೋಯಿತು, ತಲುಪಲಿಲ್ಲ

ಸೆಂಟ್ ಫೋಲ್ಡರ್‌ನಲ್ಲಿ ಇದೆ, ಆದರೆ ಆ ಕಡೆಯವರು ‘ಬಂದಿಲ್ಲ’ ಎನ್ನುತ್ತಾರೆ. ಇದು ಸ್ವಂತ ಡೊಮೇನ್ ಇರುವವರಿಗೆ ಹೆಚ್ಚು. ಕಳಿಸಿದ ಪತ್ರ ನಿಜಕ್ಕೂ ಆ ಡೊಮೇನ್‌ನದೇ ಎಂದು ತೋರಿಸಲು ಮೂರು ದಾಖಲೆಗಳಿವೆ. ಯಾವ ಸರ್ವರ್‌ಗಳಿಗೆ ಕಳಿಸುವ ಹಕ್ಕಿದೆ ಎಂದು ಹೇಳುವುದು ಎಸ್‌ಪಿಎಫ್, ಪತ್ರದ ಮೇಲೆ ಡಿಜಿಟಲ್ ಸಹಿ ಹಾಕುವುದು ಡಿಕಿಮ್, ಇವು ಹೊಂದದಿದ್ದರೆ ಏನು ಮಾಡಬೇಕೆಂದು ತಿಳಿಸುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಎಲ್ಲ ಕಳಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಕಡ್ಡಾಯ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು. ಮೈಕ್ರೋಸಾಫ್ಟ್ 2025ರ ಮೇ ತಿಂಗಳಿಂದ ಇಂಥದ್ದೇ ನಿಯಮ ತಂದಿತು. ವೆಬ್‌ಸೈಟ್ ಮಾಡಿಕೊಟ್ಟವರು ಆಗ ಈ ದಾಖಲೆ ಹಾಕಿರಲಿಲ್ಲವಾದರೆ ಈಗ ಹಾಕಿಸಲೇಬೇಕು.

ಅಗ್ಗದ ಹೋಸ್ಟಿಂಗ್‌ನಲ್ಲಿ ನೂರಾರು ಡೊಮೇನ್‌ಗಳು ಒಂದೇ ಸರ್ವರ್ ಹಂಚಿಕೊಂಡಿರುತ್ತವೆ. ಅವರಲ್ಲಿ ಒಬ್ಬರು ಸ್ಪ್ಯಾಮ್ ಕಳಿಸಿದರೂ ಕಪ್ಪುಪಟ್ಟಿಗೆ ಸೇರುವುದು ಆ ಸರ್ವರ್, ಉಳಿದವರ ಬಿಲ್ಲುಗಳೂ ತಿರಸ್ಕೃತವಾಗುತ್ತವೆ. ಗಂಟೆಗೆ ಇಷ್ಟೇ ಪತ್ರ ಎಂಬ ಮಿತಿಯೂ ಇರುತ್ತದೆ.

ಈ ಬಿಗಿ ಯಾಕೆ ಎಂದು ಬೇಸರಪಡುವ ಮೊದಲು ಇನ್ನೊಂದು ಬದಿ ನೋಡಬೇಕು. ಮಿಲ್ಲಿನ ಹೆಸರಿನಲ್ಲಿ ಖರೀದಿದಾರರಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿ ಹಾಕಿ’ ಎಂದು ಸುಳ್ಳು ಮೇಲ್ ಹೋಗುವ ವಂಚನೆ ಜಗತ್ತಿನೆಲ್ಲೆಡೆ ನಡೆದಿದೆ. ಗುರುತಿನ ನಿಯಮಗಳು ತಡೆಯುವುದು ಇಂಥದ್ದನ್ನೇ. ನೀವು ಕಳಿಸದ ಪತ್ರಗಳಿಗೆ ವಾಪಸು ಸೂಚನೆ ಬರುತ್ತಿದ್ದರೆ, ಹೆಚ್ಚು ಕಳಿಸದಿದ್ದರೂ ಕಳಿಸುವ ಮಿತಿ ಮೀರಿದೆ ಎಂದು ಸರ್ವರ್ ಹೇಳುತ್ತಿದ್ದರೆ, ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕಿರಬಹುದು. ಸ್ವಚ್ಛವಾದ ಬೇರೊಂದು ಯಂತ್ರದಿಂದ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಹಾಕಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕನ್ನಡದ ಪಾಲು

ಮೇಲ್‌ನ ವಿಷಯದ ಸಾಲು, ಒಳಗಿನ ಬರಹ, ಕಡತದ ಹೆಸರು ಕನ್ನಡದಲ್ಲಿದ್ದರೆ ಈಗ ತೊಂದರೆಯಿಲ್ಲ, ಅದು ಯೂನಿಕೋಡ್ ಆಗಿರಬೇಕಷ್ಟೇ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿ ಮೇಲ್‌ನೊಳಗೆ ಅಂಟಿಸಿದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಅಂಥ ಬರಹವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಬೇಕು.

ವಿಳಾಸವೇ ಕನ್ನಡದಲ್ಲಿರುವುದು ಬೇರೆ ಮಾತು. ಅದಕ್ಕೆ ಬೇಕಾದ ನಿಯಮ 2012ರಲ್ಲಿ ರೂಪುಗೊಂಡಿತು, ಜಿಮೇಲ್ 2014ರಲ್ಲಿ ಅಂಥ ವಿಳಾಸಗಳೊಡನೆ ವ್ಯವಹರಿಸಲು ಶುರುಮಾಡಿತು. ಕನ್ನಡ ಲಿಪಿಯ ‘.ಭಾರತ’ ಡೊಮೇನ್ ಕೂಡ ಇದೆ. ಆದರೆ ಕಳಿಸುವ ತಂತ್ರಾಂಶ, ನಡುವಿನ ಸರ್ವರ್, ತಲುಪುವ ಸರ್ವರ್ ಮೂರೂ ಒಪ್ಪಿದರೆ ಮಾತ್ರ ಪತ್ರ ಸೇರುತ್ತದೆ, ಒಂದು ಒಪ್ಪದಿದ್ದರೂ ವಾಪಸು. ಸದ್ಯಕ್ಕೆ ವ್ಯವಹಾರಕ್ಕೆ ಇಂಗ್ಲಿಷ್ ಅಕ್ಷರದ ವಿಳಾಸವೊಂದನ್ನೂ ಇಟ್ಟುಕೊಳ್ಳುವುದು ಕ್ಷೇಮ.

ನನ್ನ ದೃಷ್ಟಿಯಲ್ಲಿ ಕನ್ನಡದ ದೊಡ್ಡ ಕೊರತೆ ವಿಳಾಸದ್ದಲ್ಲ, ದೋಷ ಸಂದೇಶದ್ದು. ‘ನಿಮ್ಮ ಪಾಸ್‌ವರ್ಡ್ ಸರಿಯಿದೆ, ಆದರೆ ಈ ಹಳೆಯ ವಿಧಾನವನ್ನು ನಾವು ಈಗ ಒಪ್ಪುವುದಿಲ್ಲ’ ಎಂದು ಒಂದು ಸಾಲು ಕನ್ನಡದಲ್ಲಿ ಬಂದರೆ ಅರ್ಧ ದೂರುಗಳು ಅಲ್ಲೇ ತೀರುತ್ತವೆ.

ಬಿಟ್ಟುಬಿಡಬೇಕೇ?

‘ಇಷ್ಟೆಲ್ಲ ಯಾಕ್ರಿ, ವಾಟ್ಸಾಪ್‌ನ್ಯಾಗ ಹಾಕಿದ್ರ ಆತು’ ಎನ್ನುವವರಿದ್ದಾರೆ. ಬೇಗ ತಲುಪಿಸಲು ಅದು ಸರಿಯೇ. ಆದರೆ ಆ ಪತ್ರ ಒಬ್ಬ ನೌಕರನ ಫೋನಿನಲ್ಲಿ ಉಳಿಯುತ್ತದೆ. ಅವನು ಕೆಲಸ ಬಿಟ್ಟರೆ ದಾಖಲೆಯೂ ಹೋಯಿತು. ಬ್ರೌಸರ್‌ನಲ್ಲೇ ಮೇಲ್ ನೋಡಿದರೆ ಸಾಲದೇ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಒಂದೇ ಖಾತೆ, ದಿನಕ್ಕೆ ನಾಲ್ಕಾರು ಪತ್ರ ಇರುವ ಅಂಗಡಿಗೆ ಬ್ರೌಸರ್ ಸಾಕು, ಮೇಲಿನ ತೊಡಕುಗಳಲ್ಲಿ ಬಹಳಷ್ಟು ಅಲ್ಲಿ ಇಲ್ಲ. ಹಲವು ಖಾತೆ, ವರ್ಷಗಳ ಬಿಲ್ಲುಗಳು, ಇಂಟರ್‌ನೆಟ್ ಇಲ್ಲದಾಗಲೂ ಹಳೆಯ ಪತ್ರ ತೆಗೆದು ನೋಡುವ ಅಗತ್ಯ ಇರುವ ಕಚೇರಿಗೆ ಡೆಸ್ಕ್‌ಟಾಪ್ ತಂತ್ರಾಂಶವೇ ಬೇಕು. ಅಂಥವರು ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಜವಾಬ್ದಾರಿಯನ್ನೂ ಹೊರಬೇಕು.

ಆದ್ದರಿಂದ ಕಚೇರಿ ನಡೆಸುವವರಿಗೆ ಒಂದು ಮನವಿ. ಮೇಲ್ ನಿಂತಾಗ ಈ ಕ್ರಮ ಬಿಡಬೇಡಿ: ಬ್ರೌಸರ್‌ನಿಂದ ಹೋಗುತ್ತದೆಯೇ ನೋಡಿ, ಆಫ್‌ಲೈನ್ ಮತ್ತು ಔಟ್‌ಬಾಕ್ಸ್ ನೋಡಿ, ದಿನಾಂಕ ನೋಡಿ, ದೋಷದ ಸಂಖ್ಯೆ ಬರೆದಿಟ್ಟುಕೊಳ್ಳಿ, ಪೋರ್ಟ್ ಮತ್ತು ದೃಢೀಕರಣ ನೋಡಿ, ಕೊನೆಗೆ ಆಂಟಿವೈರಸ್ ನೋಡಿ. ಸರ್ವರ್ ಹೆಸರು, ಪೋರ್ಟ್, ಡೊಮೇನ್ ನವೀಕರಣದ ದಿನಾಂಕ, ಹೋಸ್ಟಿಂಗ್‌ನವರ ಸಂಪರ್ಕ ಇವನ್ನು ಲೆಕ್ಕದ ಪುಸ್ತಕದ ಜೊತೆ ಒಂದು ಹಾಳೆಯಲ್ಲಿ ಬರೆದಿಡಿ, ಪಾಸ್‌ವರ್ಡ್ ಮಾತ್ರ ಅದರಲ್ಲಿ ಬೇಡ. ಖಾತೆ ಮಾಲೀಕರ ಹೆಸರಿನಲ್ಲಿರಲಿ, ಮರುಪಡೆಯುವ ಫೋನ್ ನಂಬರ್ ಕೆಲಸ ಬಿಟ್ಟುಹೋದವರದ್ದಾಗಿ ಉಳಿಯದಿರಲಿ. ಐಟಿಐಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಕಲಿಸುವವರು ವಿದ್ಯಾರ್ಥಿಗಳಿಗೆ ದೋಷ ಸಂದೇಶ ಓದುವುದನ್ನು ಪಾಠವಾಗಿ ಹೇಳಿಕೊಡಲಿ. ಮತ್ತು ಹಳೆಯ ಪತ್ರಗಳ ಪ್ರತಿ ಬೇರೆ ಡಿಸ್ಕ್‌ಗೆ ಹೋಗುವ ತನಕ, ಯಾರೇ ಹೇಳಿದರೂ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ.